ಮಗ್ಗದ ಕುಣಿಯಲ್ಲಿ ಕುಳಿತವಳು

ಬನಹಟ್ಟಿಯ ನಮ್ಮ ತವರುಮನೆಯ ಪಡಸಾಲೆಯಲ್ಲಿ ನಾಲ್ಕು ಪಾವರಲೂಮುಗಳಿವೆ. ಅವುಗಳ ನಡುವೆ, ನೆಲಕ್ಕೆ ಸಮನಾಗಿ, ಬೇವಿನ ಮರದ ಒಂದು ಅಗಲವಾದ ಹಲಗೆ. ಹಲಗೆಯ ಕೆಳಗೆ ಅಜ್ಜನ ಕೈಮಗ್ಗದ ಕುಣಿ. ನೇಕಾರ ಕಾಲು ಇಳಿಬಿಟ್ಟು ಕುಳಿತು ಮಗ್ಗದ ಕಾಲುಹಲಗೆಗಳನ್ನು ತುಳಿಯುತ್ತಿದ್ದ, ಸೊಂಟದ ಮಟ್ಟದ ತಗ್ಗು ಅದು. ಅಜ್ಜ ತೀರಿಕೊಂಡ ಮೇಲೆ ಮಗ್ಗವನ್ನು ಬಿಚ್ಚಿ ಅಟ್ಟಕ್ಕೆ ಹಾಕಿದರು. ಕುಣಿಯನ್ನು ಮಣ್ಣು ತುಂಬಿ ಮುಚ್ಚಬೇಕು ಎನ್ನುತ್ತಲೇ ಅಪ್ಪ ಸದ್ಯಕ್ಕೆಂದು ಹಲಗೆ ಹಾಕಿಸಿದ. ಆ ಹಲಗೆ ಇವತ್ತಿಗೂ ಇದೆ.

ಅಕ್ಕ ಕೆಲಸ ಮಾಡುತ್ತಿದ್ದುದು ಆ ಹಲಗೆಯ ಪಕ್ಕದಲ್ಲಿ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಹಾಯುವ ನೂಲು, ಮುಗಿಯುತ್ತ ಬಂದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಹಾಸಿನ ತುದಿಗೆ ಕೂಡಿಸಬೇಕು. ನಮ್ಮಲ್ಲಿ ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆ. ಬೆರಳ ತುದಿಗೆ ಒಲೆಯ ಬೂದಿ ಹಚ್ಚಿಕೊಂಡು ಎರಡು ಎಳೆಗಳನ್ನು ಸೇರಿಸಿ ಹೊಸೆಯಬೇಕು. ಗಂಟು ದಪ್ಪವಾದರೆ ಅದು ಮಗ್ಗದ ಬಾಚಣಿಗೆಯಂಥ ಹಣಿಗೆಯ ಸಂದಿಯಲ್ಲಿ ಸಿಕ್ಕು ಎಳೆ ಹರಿಯುತ್ತದೆ, ಮಗ್ಗ ನಿಲ್ಲುತ್ತದೆ. ಅಕ್ಕ ಕೆಚ್ಚಿದ ಹಾಸು ಹರಿದದ್ದನ್ನು ನಾನು ನೋಡಿಲ್ಲ. ಮುಂಜಾನೆ ಕುಳಿತರೆ ದೀಪ ಹಚ್ಚುವ ಹೊತ್ತಿಗೆ ಒಂದು ಮಗ್ಗ ಮತ್ತೆ ಶುರುವಾಗುತ್ತಿತ್ತು. ಬೇರೆಯವರ ಮನೆಗಳಲ್ಲಿ ಕೆಚ್ಚುವವರ ದಾರಿ ಕಾಯುತ್ತ ಮಗ್ಗ ಎರಡು ಮೂರು ದಿನ ಸುಮ್ಮನೆ ನಿಂತಿರುತ್ತಿತ್ತು. ನಮ್ಮ ಮನೆಯಲ್ಲಿ ಹಾಗಾಗುತ್ತಿರಲಿಲ್ಲ. ನಾಲ್ಕು ಮಗ್ಗ ಇಟ್ಟುಕೊಳ್ಳುವ ಧೈರ್ಯ ಅಪ್ಪನಿಗೆ ಬಂದದ್ದೇ ಆ ಬೆರಳುಗಳಿಂದ.

ಹೀಗಾಗಿ ಅಕ್ಕನಿಗೆ ಮನೆಯ ಬೇರೆ ಕೆಲಸ ಹಚ್ಚುತ್ತಿರಲಿಲ್ಲ. ರೊಟ್ಟಿ ಬಡಿದರೆ ಬೆರಳು ಬಿರುಸಾಗುತ್ತದೆ, ಪಾತ್ರೆ ತಿಕ್ಕಿದರೆ ತುದಿ ಸೀಳುತ್ತದೆ ಎಂದು ಅವ್ವ ಅವಳನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಓಣಿಯ ಹೆಂಗಸರು ನೀರಿಗೆ ಬಂದಾಗ, ಮಗಳನ್ನು ರಾಣಿಯ ಹಾಗೆ ಇಟ್ಟಿದ್ದಾರೆ ಎಂದು ಆಡಿಕೊಳ್ಳುತ್ತಿದ್ದರು. ಅಕ್ಕ ಕೇಳಿಸಿಕೊಂಡೇ ಮುಂದಿನ ಎಳೆ ಹೊಸೆಯುತ್ತಿದ್ದಳು.

ಅಕ್ಕನಿಗೆ ಹತ್ತೊಂಬತ್ತಾದಾಗ ತೇರದಾಳದಿಂದ ಕನ್ಯಾ ನೋಡಲು ಬಂದರು. ಹುಡುಗನದು ಕಾಳುಕಡ್ಡಿಯ ಅಂಗಡಿ. ಒಳ್ಳೆಯ ಮನೆತನ, ಬೇಡ ಎನ್ನಲು ಕಾರಣವಿರಲಿಲ್ಲ. ನನಗೆ ಆಗ ಒಂಬತ್ತು ವರ್ಷ. ಅಕ್ಕನಿಗಿಂತ ಚಿಕ್ಕವನೂ ನನಗಿಂತ ದೊಡ್ಡವನೂ ಆದ ಅಣ್ಣನಿಗೆ ಹದಿನೇಳು. ಹೊಸ ಮಗ್ಗಗಳು ಬಂದು ವರ್ಷವಾಗಿರಲಿಲ್ಲ. ಅಣ್ಣನಿಗೆ ಹೆಂಡತಿ ಬಂದು, ಅವಳು ಕೆಚ್ಚುವುದನ್ನು ಕಲಿಯುವವರೆಗೆ ಅಕ್ಕ ಮನೆಯಲ್ಲಿರಲಿ ಎಂಬುದು ಅಪ್ಪನ ವಿಚಾರ. ಅವನು ಕೆಟ್ಟವನಲ್ಲ. ನಾಲ್ಕೈದು ವರ್ಷದ ಮಾತು ಎಂದೇ ಅವನು ತಿಳಿದಿದ್ದ. ಆದರೆ ಹೆಣ್ಣಿನವರೇ ಬೇಡ ಎಂದರೆ ಮಗಳ ದುಡಿಮೆಯನ್ನು ಉಣ್ಣುತ್ತಾರೆ ಎಂಬ ಮಾತು ಬರುತ್ತದೆ. ನೇಕಾರರ ಓಣಿಯಲ್ಲಿ ಅದಕ್ಕಿಂತ ಹೀನ ಮಾತಿಲ್ಲ. ಗಂಡಿನವರೇ ಬೇಡ ಎನ್ನಬೇಕಿತ್ತು.

ಇನ್ನು ಮುಂದಿನದನ್ನು ನನಗೆ ನೆನಪಿರುವಷ್ಟೇ ಬರೆಯುತ್ತೇನೆ. ಅಡುಗೆಮನೆಯಲ್ಲಿ ಅವ್ವ ಶೇಂಗಾ ಚಟ್ನಿ ಕುಟ್ಟುತ್ತಿದ್ದಳು. ಬೆಳ್ಳುಳ್ಳಿಯ ವಾಸನೆ ಇತ್ತು. ಅವಳು ನನ್ನನ್ನು ಹತ್ತಿರ ಕರೆದು, ಬಂದ ಹೆಂಗಸರು ಅಕ್ಕನ ವಿಷಯ ಕೇಳಿದರೆ ಒಂದು ಮಾತು ಹೇಳಬೇಕು ಎಂದಳು. ಮಕ್ಕಳ ಮಾತನ್ನು ಯಾರೂ ಸುಳ್ಳು ಎನ್ನುವುದಿಲ್ಲ ಎಂದೂ ಹೇಳಿದಳು. ಎರಡು ಸಲ ನನ್ನ ಬಾಯಿಂದ ಹೇಳಿಸಿದಳು.

ಬಂದವರು ಮಂಡಕ್ಕಿಯ ಸುಸಲಾ ತಿಂದು ಚಹಾ ಕುಡಿದರು. ಹುಡುಗನ ಸೋದರತ್ತೆ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ನಿಮ್ಮ ಅಕ್ಕ ಹೇಗೆ, ಬಡಿಯುತ್ತಾಳೇನು, ಬೈಯುತ್ತಾಳೇನು ಎಂದು ನಗುತ್ತ ಕೇಳಿದಳು.

"ಅಕ್ಕ ಅಮಾಸಿಗೊಮ್ಮಿ ಒಬ್ಬಾಕಿ ಕೂಡ ಮಾತಾಡತಾಳ್ರಿ" ಎಂದೆ.

ಅವಳ ನಗು ಅರ್ಧಕ್ಕೆ ನಿಂತಿತು. ಯಾರ ಜೊತೆ ಎಂದು ಕೇಳಿದಳು. ಅದಕ್ಕೆ ಅವ್ವ ಉತ್ತರ ಹೇಳಿಕೊಟ್ಟಿರಲಿಲ್ಲ.

"ಕುಣ್ಯಾಗ ಕುಂತಾಕಿ ಕೂಡರಿ. ಆಕಿ ತಲಿ ಹಿಕ್ಕೊಂಡಿರೂದಿಲ್ರಿ. ಅಕ್ಕಗ ಕೆಳಗ ಬಾ ಅಂತಾಳ್ರಿ."

ನಾನು ಹೇಳಿದ್ದು ಇಷ್ಟೇ. ಮೊದಲಿನದು ಅವ್ವ ಕೊಟ್ಟ ಮಾತು. ಕುಣಿ, ಬಾಚದ ತಲೆ, ಕೆಳಗೆ ಬಾ ಎನ್ನುವುದು, ಈ ಮೂರು ನನ್ನವು. ಆ ಹೆಂಗಸು ನನ್ನನ್ನು ತೊಡೆಯಿಂದ ನಿಧಾನವಾಗಿ ಕೆಳಗಿಳಿಸಿದಳು. ಎದ್ದು ಹೋಗುವಾಗ ಹಲಗೆಯನ್ನು ಸುತ್ತು ಹಾಕಿ ಹೋದಳು. ಗುರುಗಳನ್ನು ಕೇಳಿ ತಿಳಿಸುತ್ತೇವೆ ಎಂದವರು ತಿಳಿಸಲಿಲ್ಲ.

ಆಮೇಲೆ ಯಾರೂ ಏನೂ ಹೇಳಿಕೊಡುವ ಅಗತ್ಯ ಬೀಳಲಿಲ್ಲ. ಎರಡು ವರ್ಷದ ನಂತರ ಮುಧೋಳದ ಒಂದು ಸಂಬಂಧ ಬಂತು. ನಮ್ಮ ಮನೆಗೆ ಬರುವ ಮೊದಲೇ ಓಣಿಯಲ್ಲಿ ವಿಚಾರಿಸಿ ಅವರು ಹಾಗೇ ತಿರುಗಿ ಹೋದರು. ಅವರಿಗೆ ಓಣಿಯವರು ಹೇಳಿದ್ದರಲ್ಲಿ ಹಸಿರು ಸೀರೆ ಸೇರಿತ್ತು, ಬಸುರಿದ್ದಾಗಲೇ ಸತ್ತವಳು ಎಂಬುದು ಸೇರಿತ್ತು. ಅವು ನನ್ನವಲ್ಲ. ಬೀಳಗಿಯ ಕಡೆಯ ಮುಳುಗಡೆ ಊರಿನವರೊಬ್ಬರು ಬಂದರು. ಅವರು ಚಹಾ ಕುಡಿಯುವವರೆಗೆ ಕುಳಿತಿದ್ದು, ಅಮಾವಾಸ್ಯೆ ಯಾವಾಗ ಎಂದು ಕೇಳಿ ಎದ್ದರು.

ಅವ್ವ ಅಮಾವಾಸ್ಯೆಯ ದಿನ ಹಲಗೆಯ ಮೇಲೆ ದೀಪ ಇಡತೊಡಗಿದಳು. ಮೊದಮೊದಲು ಓಣಿಯವರು ನೋಡಲಿ ಎಂದು ಬಾಗಿಲು ತೆರೆದಿಟ್ಟು ಇಡುತ್ತಿದ್ದಳು. ಯಾವ ವರ್ಷದಿಂದ ಬಾಗಿಲು ಮುಚ್ಚಿ ಇಡಲು ಶುರು ಮಾಡಿದಳೋ ನನಗೆ ಗೊತ್ತಿಲ್ಲ. ಒಂದು ದಿನ ನೋಡಿದೆ, ಬಾಗಿಲು ಮುಚ್ಚಿತ್ತು, ಅವ್ವ ದೀಪದ ಮುಂದೆ ಕೈಮುಗಿದು ಕುಳಿತಿದ್ದಳು. ಅಪ್ಪ ಹಲಗೆಯನ್ನು ದಾಟಿ ಹೆಜ್ಜೆ ಹಾಕುತ್ತಿದ್ದ. ಬಾಬೀನಿಗೆ ನೂಲು ಸುತ್ತಲು ಬರುವ ಹೆಂಗಸರು ಹಲಗೆಯ ಕಡೆ ಬೆನ್ನು ಮಾಡಿ ಕೂರುತ್ತಿರಲಿಲ್ಲ. ನಾನೂ ಕೂರುತ್ತಿರಲಿಲ್ಲ. ನಾನೇ ಹುಟ್ಟಿಸಿದ್ದು ಎಂದು ಗೊತ್ತಿದ್ದೂ ಕೂರುತ್ತಿರಲಿಲ್ಲ.

ಅಕ್ಕ ಮಾತ್ರ ಮೊದಲಿನ ಹಾಗೇ ಅದರ ಪಕ್ಕದಲ್ಲಿ ಕುಳಿತು ಕೆಚ್ಚುತ್ತಿದ್ದಳು. ಯಾರು ಹೇಳಿದ್ದು, ಯಾಕೆ ಹೇಳಿದ್ದು, ಅವಳಿಗೆ ಎಲ್ಲ ಗೊತ್ತಿತ್ತು. ನನ್ನನ್ನು ಅವಳು ಬೈಯಲಿಲ್ಲ. ಒಮ್ಮೆ, ನಾನು ಏಳನೆಯ ಇಯತ್ತೆಯಲ್ಲಿದ್ದಾಗ, ಮಧ್ಯಾಹ್ನ ಊಟಕ್ಕೆ ಕರೆಯಲು ಹೋದೆ. ಅವಳು ಎಳೆಯಿಂದ ಕಣ್ಣು ತೆಗೆಯದೆ, ಓಣಿಯಲ್ಲಿ ಹೊಸದಾಗಿ ಬಂದವರ ಬಗ್ಗೆ ಕೇಳುವ ದನಿಯಲ್ಲಿ ಕೇಳಿದಳು.

"ಆಕಿ ಹೆಸರೇನು?"

ಯಾರದು ಎಂದು ನಾನು ಕೇಳಲಿಲ್ಲ. ಗೊತ್ತಿಲ್ಲ ಎಂದೆ.

"ಕೇಳಿ ಹೇಳ" ಎಂದಳು, ಮುಂದಿನ ಎಳೆ ಎತ್ತಿಕೊಂಡಳು.

ಅಪ್ಪನ ನಾಲ್ಕೈದು ವರ್ಷ ಮುಗಿದವು. ಅಣ್ಣನಿಗೆ ಇಪ್ಪತ್ತೈದಾದಾಗ ಹೆಣ್ಣು ಹುಡುಕತೊಡಗಿದರು. ಆಗ ಗೊತ್ತಾಯಿತು, ಕಾಲ ಬದಲಾಗಿದೆ. ನೇಕಾರರ ಮನೆಗೆ ಹೆಣ್ಣು ಕೊಡುವವರೇ ಇರಲಿಲ್ಲ. ಕೊಡುವವರಿದ್ದರೂ, ಕುಣಿಯವಳ ಮನೆಯೇ, ಎಂದು ಕೇಳಿ ಹಿಂದೆ ಸರಿಯುತ್ತಿದ್ದರು. ಅಕ್ಕನನ್ನು ಕಟ್ಟಿಹಾಕಲು ನೆಯ್ದದ್ದು ಅಣ್ಣನ ಕಾಲಿಗೂ ಸುತ್ತಿಕೊಂಡಿತ್ತು. ಮೂರು ವರ್ಷ ತಿರುಗಿದ ಮೇಲೆ ವೈನಿ, ಅಂದರೆ ಅತ್ತಿಗೆ, ಸಿಕ್ಕಳು. ಅವಳ ತಂದೆ ನಿಶ್ಚಯದ ದಿನವೇ ಎಲ್ಲರ ಎದುರಿಗೆ ಕರಾರು ಹಾಕಿದ: ಮಗಳು ಮಗ್ಗದ ಕೆಲಸಕ್ಕೆ ಕೈ ಹಚ್ಚುವುದಿಲ್ಲ, ಹೊಲಿಗೆ ಯಂತ್ರ ಇಟ್ಟುಕೊಂಡು ತನ್ನ ದುಡಿಮೆ ತಾನು ಮಾಡಿಕೊಳ್ಳುತ್ತಾಳೆ, ಪಡಸಾಲೆಯಲ್ಲಿ ಮಲಗುವುದಿಲ್ಲ. ಅಪ್ಪ ಎಲ್ಲದಕ್ಕೂ ಹೌದು ಎಂದ. ಕೆಚ್ಚುವುದನ್ನು ಕಲಿಯಬೇಕಿದ್ದ ಸೊಸೆ ಹೀಗೆ ಬಂದಳು.

ವೈನಿಗೆ ಒಬ್ಬ ಮಗಳು ಹುಟ್ಟಿದಳು. ಎರಡನೆಯದು ಬೇಡ ಎಂದು ವೈನಿ ಹೇಳಿದಾಗ ಅವ್ವ, ಕೂಸನ್ನು ನೋಡಿಕೊಳ್ಳಲು ಅಕ್ಕ ಇದ್ದಾಳಲ್ಲ ಎಂದಳು. ಅದು ನಿಜವೂ ಆಗಿತ್ತು. ಅಕ್ಕ ಮೊದಲ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಕೆಚ್ಚುತ್ತಿದ್ದಳು. ವೈನಿ ನನಗೆ ಒಮ್ಮೆ ಹೇಳಿದಳು, ಅದನ್ನು ನೋಡಿಯೇ ತನಗೆ ಎರಡನೆಯದು ಬೇಡವಾಯಿತು ಎಂದು. ಯಾಕೆ ಎಂದು ನಾನು ಕೇಳಲಿಲ್ಲ. ಕೇಳಬಹುದಿತ್ತು.

ನನ್ನನ್ನು ಜಮಖಂಡಿಗೆ ಕೊಟ್ಟರು. ದೊಡ್ಡವಳಿರುವಾಗ ಚಿಕ್ಕವಳ ಮದುವೆ ಮಾಡಿದರೆ ಜನ ಕಾರಣ ಕೇಳುತ್ತಾರೆ; ನಮ್ಮ ಕಾರಣ ಎಲ್ಲರಿಗೂ ಮೊದಲೇ ಗೊತ್ತಿತ್ತು. ನನ್ನ ಅತ್ತೆ ಒಂದೇ ಪ್ರಶ್ನೆ ಕೇಳಿದಳು, ದೊಡ್ಡವಳಿಗೆ ಇರುವುದು ಚಿಕ್ಕವಳಿಗೆ ಬರುತ್ತದೆಯೇ ಎಂದು. ಆಕೆ ಆ ಕುಣಿ ಬಿಟ್ಟು ಎಲ್ಲಿಯೂ ಹೋಗುವುದಿಲ್ಲ ಎಂದು ಅವ್ವ ಹೇಳಿದಳು. ಅಷ್ಟು ಖಚಿತವಾಗಿ ಹೇಳಿದ್ದನ್ನು ಕೇಳಿ ನಾನು ಹಲಗೆಯ ಕಡೆ ತಿರುಗಿ ನೋಡಿದೆ.

ಕಳೆದ ವರ್ಷ ಹಿಪ್ಪರಗಿಯಿಂದ ಅಕ್ಕನನ್ನು ಕೇಳಿ ಬಂದರು. ಅಕ್ಕನಿಗೆ ಮೂವತ್ತಾರು ತುಂಬಿತ್ತು. ಗಂಡಿಗೆ ನಲವತ್ತೊಂದು. ಹೊಳೆಸಾಲಿನ ಜಮೀನು, ಕಬ್ಬು, ಸ್ವಂತ ಟ್ರ್ಯಾಕ್ಟರ್. ಆದರೂ ಹತ್ತು ವರ್ಷದಿಂದ ಅವನಿಗೆ ಹೆಣ್ಣು ಸಿಕ್ಕಿರಲಿಲ್ಲ. ತಾಯಿ ಇಲ್ಲದ ಮನೆ; ತಂದೆ ಮಗ ಇಬ್ಬರೇ. ದನ, ಕಬ್ಬು, ಅಡುಗೆ, ಮುದುಕನ ಔಷಧ ಎಲ್ಲ ಒಬ್ಬಳ ಮೇಲೆ ಬೀಳುತ್ತದೆ ಎಂದು ನೋಡಿದ ಹುಡುಗಿಯರೆಲ್ಲ ಬೇಡ ಎಂದಿದ್ದರು. ಸಂಬಂಧ ತಂದವಳು ಅವನ ಚಿಗವ್ವ, ಅಂದರೆ ಚಿಕ್ಕಮ್ಮ, ರಬಕವಿಯಲ್ಲಿ ಕೈಮಗ್ಗ ಇಟ್ಟುಕೊಂಡಿರುವವಳು. ಅವಳ ಮನೆಯ ಹಾಸನ್ನು ಅಕ್ಕ ಎರಡು ಮೂರು ಸಲ ಕೆಚ್ಚಿಕೊಟ್ಟಿದ್ದಳು.

ಬರುವ ಎರಡು ದಿನ ಮೊದಲು ಅಕ್ಕ ನನಗೆ ಫೋನ್ ಮಾಡಿದಳು. ಅವಳು ಫೋನ್ ಮಾಡುವವಳೇ ಅಲ್ಲ. ನಿನಗೆ ಹೋಗುವ ಮನಸ್ಸಿದೆಯೇ ಎಂದು ಕೇಳಿದೆ. ಇದೆ ಎಂದಳು. ಆ ಮನೆಯಲ್ಲಿ ಸಾಯುವಷ್ಟು ಕೆಲಸವಿದೆ ಎಂದೆ. ಕೆಲಸ ಇಲ್ಲದ ಮನೆ ಯಾವುದು ಎಂದಳು. ಅವಳ ಹಿಂದೆ ಮಗ್ಗದ ಸಪ್ಪಳ ಕೇಳುತ್ತಿತ್ತು.

"ನೀ ಬಾ. ಬಂದು ಅವರ ಮುಂದ ಖರೆ ಹೇಳ" ಎಂದಳು. "ಮತ್ತೊಮ್ಮಿ ಯಾರೂ ಬರೂದಿಲ್ಲ ಈ ಮನಿಗೆ."

ನಾನು ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಮುಂಜಾನೆಯ ಬಸ್ಸಿಗೆ ಹೋದೆ.

ಬಂದವರಿಗಾಗಿ ನಾಲ್ಕೂ ಮಗ್ಗ ನಿಲ್ಲಿಸಿದ್ದರು. ಆ ಪಡಸಾಲೆಯನ್ನು ಅಷ್ಟು ನಿಶ್ಶಬ್ದವಾಗಿ ನಾನು ನೋಡಿರಲಿಲ್ಲ. ಅಪ್ಪ, ಅಣ್ಣ ಒಂದು ಕಡೆ. ಗಂಡು, ಅವನ ಚಿಗವ್ವ ಒಂದು ಕಡೆ. ಗಂಡಿನ ಕುರ್ಚಿಯ ಎರಡು ಕಾಲು ಹಲಗೆಯ ಮೇಲಿದ್ದವು. ಅವ್ವ ಬಂದು ಸ್ವಲ್ಪ ಈಚೆ ಸರಿಯಿರಿ ಎಂದಳು. ಅವನು ಯಾಕೆ ಎಂದು ಕೇಳದೆ ಸರಿದು ಕುಳಿತ.

ಅಣ್ಣ ಮೊದಲು ವಯಸ್ಸಿನ ಮಾತು ಎತ್ತಿದ. ಮೂವತ್ತಾರಕ್ಕೆ ಮಕ್ಕಳಾಗುವುದು ಖಾತ್ರಿಯಿಲ್ಲ, ನಾಳೆ ನೀವು ನಮ್ಮನ್ನು ದೂರಬಾರದು ಎಂದ. ಅವನು ಅಕ್ಕತಂಗಿಯರ ಮೇಲೆ ಅಕ್ಕರೆಯಿಲ್ಲದವನಲ್ಲ. ಆದರೆ ಅವತ್ತು ಅವನ ಕಣ್ಣು ಮತ್ತೆ ಮತ್ತೆ ಮೂರನೆಯ ಮಗ್ಗದ ಮೇಲೆ ಹೋಗುತ್ತಿತ್ತು. ಅದರ ಹಾಸು ಮುಗಿಯಲು ಬಂದಿತ್ತು. ಚಿಗವ್ವ ಎಲೆಯಡಿಕೆ ಅಗಿಯುತ್ತ, ಕೂಸು ಆದರೆ ಆಗಲಿ, ಆಗದಿದ್ದರೆ ಬಿಡಲಿ, ಮನೆಯಲ್ಲಿ ಬೆಂಕಿ ಹೊತ್ತಿಸಲು ಒಬ್ಬಳು ಬೇಕು ಎಂದಳು. ಆಗ ಅಪ್ಪ, ಮುಚ್ಚಿಟ್ಟರೆ ಪಾಪ ಎಂದು ಶುರು ಮಾಡಿ, ಹುಡುಗಿಗೆ ಹೊರಗಿನ ಸೋಂಕು ಇದೆ ಎಂದು ತಡವರಿಸುತ್ತ ಹೇಳಿದ. ಕುಣಿಯ ಕಡೆ ಕೈ ಮಾಡಿದ.

"ಕೇಳೇನ್ರಿ ಅಣ್ಣಾರ, ರಬಕವ್ಯಾಗೂ ಸುದ್ದಿ ಐತಿ" ಎಂದಳು ಚಿಗವ್ವ. "ಆಕಿನೂ ಬರಲಿ ಬಿಡ್ರಿ. ನಮ್ಮ ಮನ್ಯಾಗ ಹೆಣ್ಣಿನ ದಿಕ್ಕ ಇಲ್ಲ. ಇಬ್ಬರ ಬಂದ್ರ ಒಬ್ಬಾಕಿ ದನಾ ನೋಡತಾಳ, ಒಬ್ಬಾಕಿ ರೊಟ್ಟಿ ಬಡೀತಾಳ."

ಗಂಡು ನೆಲ ನೋಡುತ್ತ ನಕ್ಕ. ನಮ್ಮ ಕಡೆ ಯಾರೂ ನಗಲಿಲ್ಲ. ಹದಿನೇಳು ವರ್ಷ ಎಲ್ಲರನ್ನೂ ಓಡಿಸಿದ ಮಾತು ಮೊದಲ ಸಲ ಓಡಿಸಲಾರದೆ ನಿಂತಿತ್ತು. ಅಣ್ಣ ಅಪ್ಪನನ್ನು ನೋಡಿದ, ಅಪ್ಪ ಅವ್ವನನ್ನು ನೋಡಿದ. ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನನ್ನನ್ನು ನೋಡಿದಳು.

ನಾನು ಎದ್ದು ನಿಂತು ಹೇಳಿದೆ. ಕುಣಿಯಲ್ಲಿ ಯಾರೂ ಇಲ್ಲ, ಯಾವತ್ತೂ ಇರಲಿಲ್ಲ. ನಾನು ಒಂಬತ್ತು ವರ್ಷದವಳಿದ್ದಾಗ ಹೇಳಿದ ಸುಳ್ಳು ಅದು. ಮೊದಲ ಮಾತನ್ನು ಅವ್ವ ಹೇಳಿಕೊಟ್ಟಳು, ಉಳಿದದ್ದನ್ನು ನಾನು ಸೇರಿಸಿದೆ. ಇಷ್ಟನ್ನೂ ಒಂದು ಮಾತು ಬಿಡದೆ ಹೇಳಿದೆ.

ಅವ್ವ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಸಿಟ್ಟಾಗಲಿಲ್ಲ. ಜ್ವರದಲ್ಲಿ ಬಡಬಡಿಸುವ ಮಗುವನ್ನು ನೋಡುವ ಹಾಗೆ ನನ್ನನ್ನು ನೋಡಿದಳು.

"ನಾ ಏನ ಹೇಳಿಕೊಟ್ಟೇನವಾ ನಿನಗ? ನೀ ಹೇಳಿದ ಮ್ಯಾಲ ನಮಗ ಗೊತ್ತಾತು ಆಕಿ ಇರೂದು."

ಅಡುಗೆಮನೆ, ಚಟ್ನಿ, ಬೆಳ್ಳುಳ್ಳಿ ಎಂದು ನಾನು ಒಂದೊಂದಾಗಿ ನೆನಪು ಮಾಡಿಕೊಟ್ಟೆ. ಅವ್ವ ತಲೆ ಅಲ್ಲಾಡಿಸಿದಳು. ಆ ವಾರವೆಲ್ಲ ತಾನು ಬೀಳಗಿಯಲ್ಲಿ ತಂಗಿಯ ಬಾಣಂತನಕ್ಕೆ ಹೋಗಿದ್ದೆ, ತೇರದಾಳದವರು ಬಂದ ದಿನ ಹತ್ತು ಗಂಟೆಯ ಬಸ್ಸಿಗೆ ಬಂದಿಳಿದೆ, ಬಂದವಳೇ ಚಹಾಕ್ಕಿಟ್ಟೆ ಎಂದಳು. ನಾನು ಅಪ್ಪನ ಕಡೆ ತಿರುಗಿದೆ. ಅಪ್ಪ ಬೆರಳು ಮಡಚಿ ಎಣಿಸಿ, ಹೌದು, ಆ ವಾರ ಅವಳು ಬೀಳಗಿಯಲ್ಲಿದ್ದಳು ಎಂದ. ಅವನ ಮುಖದಲ್ಲಿ ಸುಳ್ಳು ಹೇಳುವವನ ಗುರುತು ಇರಲಿಲ್ಲ. ನನ್ನ ಚಿಕ್ಕಮ್ಮನ ದೊಡ್ಡ ಮಗ ಹುಟ್ಟಿದ್ದು ಅದೇ ವರ್ಷ, ಹೆಚ್ಚುಕಡಿಮೆ ಅದೇ ತಿಂಗಳು. ಅದು ನನಗೂ ಗೊತ್ತಿತ್ತು. ಎರಡನ್ನೂ ಸೇರಿಸಿ ನಾನು ಯಾವತ್ತೂ ಯೋಚಿಸಿರಲಿಲ್ಲ.

ಅಂದರೆ ಅಡುಗೆಮನೆಯಲ್ಲಿ ನನ್ನನ್ನು ಹತ್ತಿರ ಕರೆದು ಎರಡು ಸಲ ಹೇಳಿಸಿದ್ದು ಯಾರು? ನನಗೆ ಮುಖ ನೆನಪಿಲ್ಲ ಎಂಬುದು ಆ ಕ್ಷಣದಲ್ಲಿ ತಿಳಿಯಿತು. ಕುಟ್ಟುವ ಕೈ ನೆನಪಿದೆ. ಬಳೆ ನೆನಪಿದೆ. ದನಿ ಅವ್ವನದೇ ಎಂದು ಹದಿನೇಳು ವರ್ಷ ನಂಬಿದ್ದೆ. ನಾನು ಅಲ್ಲೇ ಕುಳಿತುಬಿಟ್ಟೆ. ವೈನಿ ನೀರು ತಂದು ಕೊಟ್ಟಳು.

ಚಿಗವ್ವ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದ್ದಳು. ನಮ್ಮ ಯಾರನ್ನೂ ಕೇಳದೆ ಅವಳು ಅಕ್ಕನನ್ನು ಕೇಳಿದಳು.

"ನೀ ಹೇಳವಾ. ಅದಾಳೇನ ಆಕಿ?"

ಇಲ್ಲ ಎಂದರೆ ಅವ್ವ ಸುಳ್ಳುಗಾರ್ತಿ, ಮನೆತನ ಸುಳ್ಳಿನದು, ಮಗಳ ದುಡಿಮೆ ಉಂಡವರು ಎಂಬುದು ಇಡೀ ರಬಕವಿಗೆ ಗೊತ್ತಾಗುತ್ತದೆ. ಅಣ್ಣ ಅಲ್ಲಿಯೇ ಮಾತು ಮುರಿಯುತ್ತಿದ್ದ. ಇದ್ದಾಳೆ ಎಂದರೆ, ಬಾಯಲ್ಲಿ ಏನೇ ಹೇಳಲಿ, ಆ ಗಂಡು ಇವತ್ತು ರಾತ್ರಿ ಮಲಗಿ ಯೋಚಿಸುತ್ತಾನೆ. ಅಕ್ಕ ಎರಡನ್ನೂ ತೂಗಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳು ಚೌಕಟ್ಟು ಬಿಟ್ಟು ಬಂದು ಹಲಗೆಯ ಪಕ್ಕದಲ್ಲಿ, ಕೆಚ್ಚುವಾಗ ಕೂರುವ ಜಾಗದಲ್ಲೇ ಕುಳಿತಳು. ಹಲಗೆಯ ಕಡೆ ತಲೆ ಬಗ್ಗಿಸಿ ಕೇಳಿಸಿಕೊಂಡಳು.

"ಅದಾಳ್ರಿ. ಆದ್ರ ಆಕಿ ಬರೂದಿಲ್ಲಂತ. ಇಲ್ಲೇ ಇರತಾಳಂತ" ಎಂದಳು. ಆಮೇಲೆ ಅಣ್ಣನ ಕಡೆ ನೋಡಿ, "ಈ ಮನಿಗೂ ಒಬ್ಬಾಕಿ ಬೇಕಲ್ಲ" ಎಂದಳು.

ಬೇಡ ಎನ್ನಲು ಯಾರ ಹತ್ತಿರವೂ ಇನ್ನೊಂದು ಮಾತು ಉಳಿದಿರಲಿಲ್ಲ. ಆ ಗಂಡು ತಲೆಯೆತ್ತಿ ಅಕ್ಕನನ್ನು ಮೊದಲ ಸಲ ಸರಿಯಾಗಿ ನೋಡಿದ. ತಿಂಗಳೊಳಗೆ ಗುಡಿಯಲ್ಲಿ ಮದುವೆ ಮಾಡಿದರು.

ಅಕ್ಕ ಹೋದ ಮೇಲೆ ಮೂರನೆಯ ಮಗ್ಗ ಐದು ದಿನ ನಿಂತಿತು. ಕೆಚ್ಚುವ ಹೆಂಗಸರು ಆ ಜಾಗದಲ್ಲಿ ಕೂರಲು ಒಪ್ಪಲಿಲ್ಲ. ಕೊನೆಗೆ ಅಣ್ಣ, ಎಳೆಗಳನ್ನು ಗಂಟು ಹಾಕುವ ಯಂತ್ರ ಇಟ್ಟುಕೊಂಡ ಒಬ್ಬನನ್ನು ಕರೆತಂದ. ಬೇರೆ ಊರಿನವನು, ಕಥೆ ಗೊತ್ತಿರಲಿಲ್ಲ. ಹಲಗೆಯ ಮೇಲೆ ನಿಂತು, ಫೋನಿನಲ್ಲಿ ಹಾಡು ಹಚ್ಚಿಕೊಂಡು, ಊಟದ ಹೊತ್ತಿಗೆ ಮುಗಿಸಿ ಹೋದ. ಗಂಟು ಸಣ್ಣವಿದ್ದವು, ಎಳೆ ಹರಿಯಲಿಲ್ಲ. ಆ ಯಂತ್ರ ನಮ್ಮ ಕಡೆ ಬಂದು ಎಷ್ಟೋ ವರ್ಷವಾಗಿತ್ತಂತೆ. ನಮ್ಮ ಮನೆಯಲ್ಲಿ ಯಾರೂ ವಿಚಾರಿಸಿರಲಿಲ್ಲ. ಇದನ್ನು ನನಗೆ ಹೇಳುವಾಗ ಅಣ್ಣ ಗೋಡೆ ನೋಡುತ್ತಿದ್ದ.

ಈ ವರ್ಷ ಬೇಸಿಗೆಯಲ್ಲಿ ಅಕ್ಕ ಬಸುರಾದಳು. ಯಾರೂ ನಿರೀಕ್ಷಿಸಿರಲಿಲ್ಲ. ಜಮಖಂಡಿಯ ಡಾಕ್ಟರಮ್ಮ ವಯಸ್ಸು ನೋಡಿ, ಹುಷಾರಾಗಿರಬೇಕು, ದವಾಖಾನೆ ಹತ್ತಿರವಿರಬೇಕು ಎಂದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು ಎಂಬುದು ನಮ್ಮಲ್ಲಿ ತಪ್ಪದ ಪದ್ಧತಿ. ಅವ್ವ ಮಂಚ ಬಿಗಿಸಿದಳು, ತೊಟ್ಟಿಲು ಒರೆಸಿಟ್ಟಳು. ನಾನು ಹಿಪ್ಪರಗಿಗೆ ಹೋಗಿ ಅಕ್ಕನನ್ನು ಕಂಡೆ. ಅವಳು ಅಂಗಳದಲ್ಲಿ ಕುಳಿತು ಮಾವನಿಗೆ ಗಂಜಿ ಆರಿಸುತ್ತಿದ್ದಳು. ಕಬ್ಬಿನ ಸೋಗೆ ಕೊಯ್ದು ಅಂಗೈ ತುಂಬ ಗೀರು. ಮುಖ ತುಂಬಿಕೊಂಡಿತ್ತು. ತವರಿಗೆ ಬರುವುದಿಲ್ಲ ಎಂದು ಅವಳು ಮೆಲ್ಲಗೆ ಹೇಳಿದಳು.

"ಬಾಣಂತನಾ ಅಂತ ಕರೀತಾರ, ಐದ ತಿಂಗಳ ಇಟಗೋತಾರ. ಕೂಸ ತೊಡಿ ಮ್ಯಾಲ ಇದ್ರ ಕೆಚ್ಚಾಕ ಕೈ ಖಾಲಿ ಇರತಾವ, ನಾ ನೋಡಿಲ್ಲೇನ?"

ಯಂತ್ರದವನು ಬರುತ್ತಾನಲ್ಲ ಎಂದೆ. ಯಂತ್ರದವನು ದುಡ್ಡು ಕೇಳುತ್ತಾನೆ ಎಂದಳು. ನನ್ನ ಮನೆಗೆ ಬಾ, ದವಾಖಾನೆಯೂ ಹತ್ತಿರ ಎಂದೆ. ಬರುತ್ತೇನೆ, ಆದರೆ ಅವ್ವನ ಬಾಯಿಂದಲೇ ಬೇಡ ಎನ್ನುವ ಮಾತು ಬರಬೇಕು ಎಂದಳು. ಕುಣಿಯವಳ ಬಗ್ಗೆ ನಾನು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವಳ ಗಂಡ ಎಮ್ಮೆ ಹಿಡಿದುಕೊಂಡು ಒಳಗೆ ಬಂದ.

ಅಲ್ಲಿಂದ ನೇರ ಬನಹಟ್ಟಿಗೆ ಹೋದೆ. ಮಧ್ಯಾಹ್ನ ಕರೆಂಟು ಹೋಗಿ ಮಗ್ಗಗಳು ನಿಂತಿದ್ದವು, ಅಣ್ಣ ಹೊರಗೆ ಹೋಗಿದ್ದ. ಅವ್ವ ನನ್ನ ಕೈ ಹಿಡಿದು ಪಡಸಾಲೆಗೆ ಕರೆದೊಯ್ದಳು. ಬಸುರಿಯನ್ನು ಕರೆತರುವ ಮೊದಲು ಒಂದು ವಿಷಯ ಖಾತ್ರಿ ಆಗಬೇಕು ಎಂದಳು. ಅಕ್ಕ ಹೋದಂದಿನಿಂದ ತನಗೆ ಏನೂ ತಿಳಿಯುತ್ತಿಲ್ಲ, ದೀಪ ಇಟ್ಟರೂ ಉರಿಯುತ್ತದೆ ಅಷ್ಟೇ. ಕುಣಿಯವಳು ಹೋಗಿದ್ದರೆ ನಾಳೆಯೇ ಗಾಡಿ ಕಳಿಸುತ್ತೇನೆ. ಇದ್ದರೆ ಬಸುರಿ ಈ ಹೊಸ್ತಿಲು ತುಳಿಯಬಾರದು.

"ಮೊದಲ ಕಂಡಾಕಿ ನೀನ. ನೀನ ನೋಡಿ ಹೇಳ" ಎಂದಳು.

ನಾನು ಮೊಣಕಾಲೂರಿ ಬಗ್ಗಿದೆ. ಹಲಗೆ ಒಣಗಿ ಬಾಗಿದ್ದರಿಂದ ಒಂದು ಅಂಚಿನಲ್ಲಿ ಎರಡು ಬೆರಳಿನಷ್ಟು ಸಂದಿಯಿದೆ. ಅದರಿಂದ ತಣ್ಣನೆಯ ಗಾಳಿ ಕೆನ್ನೆಗೆ ಬಡಿಯಿತು. ಕುಣಿಗಳಲ್ಲಿ ತಂಪು ಇದ್ದೇ ಇರುತ್ತದೆ. ಅಜ್ಜ ಬೇಸಿಗೆಯಲ್ಲಿ ಅಲ್ಲಿಯೇ ನೀರಿನ ಮಗಿ ಇಟ್ಟುಕೊಳ್ಳುತ್ತಿದ್ದ. ಎಣ್ಣೆಯ ಕಮಟು ಇತ್ತು. ಒಳಗೆ ಕತ್ತಲೆ. ಕಣ್ಣು ಹೊಂದಿಕೊಳ್ಳುವವರೆಗೆ ಕಾಯಬಹುದಿತ್ತು. ಹೊಂದಿಕೊಂಡರೆ ಏನು ಕಾಣುತ್ತದೋ ಎಂದು ನಾನು ಕಾಯಲಿಲ್ಲ. ಕಣ್ಣು ಮುಚ್ಚಿಕೊಂಡೆ.

"ಅದಾಳವ್ವ" ಎಂದೆ.

"ಏನ ಮಾಡಾಕತ್ತಾಳ?"

"ಕೆಚ್ಚಾಕತ್ತಾಳ."

ಅವ್ವ ಉಸಿರು ಬಿಟ್ಟಳು. ಅದು ಹೆದರಿಕೆಯ ಉಸಿರಲ್ಲ, ಮನೆಯ ಕೆಲಸ ಸರಿಯಾಗಿ ನಡೆದಿದೆ ಎಂದು ತಿಳಿದವಳ ಉಸಿರು. ಗೋಡೆಯ ಗೂಡಿನಲ್ಲಿದ್ದ ಫೋನು ತೆಗೆದುಕೊಂಡು ಹಿಪ್ಪರಗಿಗೆ ಹಚ್ಚಿದಳು. ಅಕ್ಕ ಎತ್ತಿದಾಗ, ನೀನು ಈ ಕಡೆ ಬರಬೇಡ, ತಂಗಿಯ ಮನೆಗೆ ಹೋಗು, ನಾನೇ ಅಲ್ಲಿಗೆ ಬಂದು ನಿನ್ನ ಬಾಣಂತನ ಮಾಡುತ್ತೇನೆ ಎಂದಳು. ನಾನು ಇನ್ನೂ ನೆಲದ ಮೇಲೇ ಇದ್ದೆ, ಕಣ್ಣು ತೆರೆದಿರಲಿಲ್ಲ.